ಬದುಕಿದ ಮಕ್ಕಳು ಬೆಳೆಯಬೇಕು

ಪೂರ್ವ ಆಫ್ರಿಕದ ರುವಾಂಡಾ ದೇಶವು ಕಳೆದ ಕಾಲು ಶತಮಾನದಲ್ಲಿ ತನ್ನ ಮಕ್ಕಳಿಗಾಗಿ ಸಾಧಿಸಿರುವುದನ್ನು ಮೆಚ್ಚದಿರುವುದು ಅನ್ಯಾಯ; ಸಾಧಿಸದೆ ಉಳಿದುಹೋದುದನ್ನು ಹೇಳದಿರುವುದು ಆ ಮಕ್ಕಳಿಗೇ ಮಾಡುವ ಅನ್ಯಾಯ. ಕರ್ನಾಟಕದ ಏಳರಲ್ಲೊಂದು ಪಾಲಿನಷ್ಟು ವಿಸ್ತಾರವುಳ್ಳ, ಎತ್ತ ನೋಡಿದರೂ ಬೆಟ್ಟದ ಬೆನ್ನಿಗೆ ಬೆಟ್ಟ ನಿಂತಿರುವ, 2022ರ ಜನಗಣತಿಯ ಪ್ರಕಾರ 1 ಕೋಟಿ 32 ಲಕ್ಷ ಜನರನ್ನು ಹೊತ್ತಿರುವ ಈ ಪುಟ್ಟ ನಾಡು, 1994ರಲ್ಲಿ ನೂರು ದಿನಗಳೊಳಗೆ ಸುಮಾರು ಎಂಟು ಲಕ್ಷ ಮಂದಿಯನ್ನು ನರಮೇಧದಲ್ಲಿ ಕಳೆದುಕೊಂಡು, ಆಸ್ಪತ್ರೆ, ಶಾಲೆ, ನ್ಯಾಯಸ್ಥಾನಗಳೆಲ್ಲ ಪಾಳುಬಿದ್ದು, ತಂದೆತಾಯಿಗಳಿಲ್ಲದ ಮನೆಗಳಲ್ಲಿ ಹಿರಿಯ ಮಗುವೇ ಕಿರಿಯ ಮಕ್ಕಳ ಯಜಮಾನಿಕೆಯನ್ನು ಹೊರಬೇಕಾದ ದುರವಸ್ಥೆಗೆ ಇಳಿದಿತ್ತು. ಅಂಥ ನಾಡು ಮರಳಿ ಎದ್ದು ನಿಂತದ್ದು ನಮ್ಮ ಕಾಲದ ದೊಡ್ಡ ಸಂಗತಿಗಳಲ್ಲಿ ಒಂದು.

2000ದಲ್ಲಿ ಅಲ್ಲಿ ಹುಟ್ಟುತ್ತಿದ್ದ ಪ್ರತಿ ಸಾವಿರ ಶಿಶುಗಳ ಪೈಕಿ 196 ಶಿಶುಗಳು ಐದು ವರ್ಷ ತುಂಬುವ ಮುನ್ನವೇ ತೀರಿಕೊಳ್ಳುತ್ತಿದ್ದವು. 2010ರ ಹೊತ್ತಿಗೆ ಆ ಸಂಖ್ಯೆ 76ಕ್ಕೂ, 2019-20ರ ಆರೋಗ್ಯ ಸಮೀಕ್ಷೆಯ ಹೊತ್ತಿಗೆ 45ಕ್ಕೂ ಇಳಿಯಿತು. ಬಡವನೂ ಅಲ್ಪಸ್ವಲ್ಪ ವಂತಿಗೆ ತೆತ್ತು ಪಾಲುಗೊಳ್ಳಬಹುದಾದ ಸಮುದಾಯ ಆರೋಗ್ಯ ವಿಮೆ. ಊರವರೇ ತಮ್ಮೊಳಗಿನಿಂದ ಆರಿಸಿಕೊಟ್ಟ, ಹಳ್ಳಿಗೆ ಮೂವರು ನಾಲ್ವರಂತೆ ದೇಶದ ಉದ್ದಗಲಕ್ಕೂ ಹರಡಿರುವ 45,000ಕ್ಕೂ ಹೆಚ್ಚು ಮಂದಿ ಆರೋಗ್ಯ ಕಾರ್ಯಕರ್ತರು. ಮಲೇರಿಯ, ನ್ಯುಮೋನಿಯ, ಅತಿಸಾರಗಳಿಗೆ ಮನೆಬಾಗಿಲಲ್ಲೇ ದೊರೆಯುವ ಔಷಧ. 2009ರಲ್ಲಿ ನ್ಯುಮೋಕಾಕಲ್ ಲಸಿಕೆಯನ್ನೂ 2011ರಲ್ಲಿ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನೂ ಖಂಡದ ಇತರ ಬಡ ರಾಷ್ಟ್ರಗಳಿಗಿಂತ ಮೊದಲೇ ಜಾರಿಗೆ ತಂದ ಸರ್ಕಾರದ ಛಲ: ಇವೆಲ್ಲ ಒಟ್ಟುಗೂಡಿ ಈ ಫಲವನ್ನು ಕೊಟ್ಟುವು. ಹೆತ್ತ ಮಗು ಬದುಕುತ್ತದೆ ಎಂಬ ಭರವಸೆ ಒಬ್ಬ ಬಡ ತಾಯಿಗೆ ದೊರೆಯಿತೆಂದರೆ ಅದಕ್ಕಿಂತ ಮಿಗಿಲಾದ ರಾಷ್ಟ್ರಸಂಪತ್ತು ಬೇರೊಂದಿಲ್ಲ.

ಆದರೆ ಅದೇ ಸಮೀಕ್ಷೆಯ ಮತ್ತೊಂದು ಪುಟದಲ್ಲಿ ಬೇರೊಂದು ಕಥೆಯಿದೆ. ಐದು ವರ್ಷದೊಳಗಿನ ರುವಾಂಡಾದ ಮಕ್ಕಳಲ್ಲಿ ನೂರಕ್ಕೆ 33 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಎಂದರೆ ಕುಂಠಿತ ಬೆಳವಣಿಗೆಗೆ ಒಳಗಾದವರು. 2005ರಲ್ಲಿ ಈ ಪ್ರಮಾಣ ನೂರಕ್ಕೆ 51 ಆಗಿತ್ತು. ಇಳಿದಿರುವುದು ನಿಜವಾದರೂ, ಮರಣಪ್ರಮಾಣವು ಅದೇ ಅವಧಿಯಲ್ಲಿ ಮೂರನೆಯ ಒಂದಕ್ಕಿಂತಲೂ ಕೆಳಗಿಳಿದಿರುವಾಗ ಇದು ಮೂರನೆಯ ಒಂದು ಪಾಲಿನಷ್ಟು ಮಾತ್ರ ತಗ್ಗಿದೆ. ಎತ್ತರದ ಕೊರತೆ ಬರಿಯ ನೋಟದ ಕೊರತೆಯಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಗರ್ಭಧಾರಣೆಯಿಂದ ಮೊದಲುಗೊಂಡು ಎರಡನೆಯ ಹುಟ್ಟುಹಬ್ಬದವರೆಗಿನ ಸಾವಿರ ದಿನಗಳಲ್ಲಿ ಮಗುವಿಗೆ ತಕ್ಕ ಆಹಾರ ದೊರೆಯದಿದ್ದರೆ ಮೂಳೆಯೊಡನೆ ಮಿದುಳೂ ತನ್ನ ಪೂರ್ಣ ಬೆಳವಣಿಗೆಯನ್ನು ಕಾಣದೆ ಉಳಿಯುತ್ತದೆ. ಆ ಅವಧಿ ಕಳೆದ ಮೇಲೆ ಉಣಿಸಿದ ಅನ್ನವು ಹಸಿವನ್ನು ಹಿಂಗಿಸೀತೇ ಹೊರತು ಕಳೆದುಹೋದುದನ್ನು ಬಹುಮಟ್ಟಿಗೆ ತುಂಬಿಕೊಡಲಾರದು. 2021ರಿಂದ ರುವಾಂಡಾ ಎಲ್ಲ ಹಂತದ ಶಾಲೆಗಳಿಗೂ ಬಿಸಿಯೂಟವನ್ನು ವಿಸ್ತರಿಸಿದ್ದು ಶ್ಲಾಘ್ಯವಾದ ಕಾರ್ಯ. ಆದರೆ ಶಾಲೆಗೆ ಬರುವ ವಯಸ್ಸಿಗೆ ಈ ಹಾನಿ ಆಗಿಹೋಗಿರುತ್ತದೆ.

ಈ ಕೊರತೆ ಕಣ್ಣಿಗೆ ಬೀಳದೆ ಇರುವುದೇ ಅದರ ದೊಡ್ಡ ಅಪಾಯ. ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಮಗುವಿನ ಎಡಗೈಯ ತೋಳಿಗೆ ಸುತ್ತಿ ನೋಡುವ ಒಂದು ಪಟ್ಟಿಯುಂಟು. ಕೆಂಪು, ಹಳದಿ, ಹಸಿರು ಎಂದು ಅದರಲ್ಲಿ ಮೂರು ಬಣ್ಣ; ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆಯಾದರೆ ಪಟ್ಟಿಯ ಕಿಂಡಿಯಲ್ಲಿ ಕೆಂಪು ಕಾಣುತ್ತದೆ, ಮಗುವನ್ನು ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ರುವಾಂಡಾದಲ್ಲಿ ಈ ಪಟ್ಟಿ ಬಹುತೇಕ ಯಾವಾಗಲೂ ಹಸಿರನ್ನೇ ತೋರಿಸುತ್ತದೆ. ಏಕೆಂದರೆ ಎಲುಬು ಕಾಣುವಷ್ಟು ಕೃಶವಾದ ಮಕ್ಕಳು ಅಲ್ಲಿ ನೂರಕ್ಕೆ ಒಂದರಷ್ಟೇ. ಕೆನ್ನೆ ತುಂಬಿದ, ನಗುವ, ಓಡಾಡುವ ಮಗುವನ್ನು ಕಂಡು ತಾಯಿ ನೆಮ್ಮದಿಯಿಂದಿರುತ್ತಾಳೆ. ನೆರೆಮನೆಯ ಮಕ್ಕಳೂ ಅಷ್ಟೇ ಎತ್ತರವಿರುವುದರಿಂದ ಆಕೆಗೆ ಸಂಶಯಪಡಲು ಕಾರಣವೂ ಇರುವುದಿಲ್ಲ. ಮಗುವನ್ನು ಅಳತೆಯ ಹಲಗೆಯ ಮೇಲೆ ಮಲಗಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದು, ವಯಸ್ಸಿನ ಪಟ್ಟಿಕೆಯೊಡನೆ ಹೋಲಿಸಿ ನೋಡಿದಾಗಲಷ್ಟೇ ಎರಡು ವರ್ಷದ ಮಗುವಿಗೆ ಒಂದೂಕಾಲು ವರ್ಷದ ಮಗುವಿನ ಎತ್ತರವಿದೆಯೆಂಬುದು ಬೆಳಕಿಗೆ ಬರುತ್ತದೆ.

ಸಾವನ್ನು ಇಷ್ಟು ಸಮರ್ಥವಾಗಿ ತಡೆದ ರಾಜ್ಯವ್ಯವಸ್ಥೆ ಬೆಳವಣಿಗೆಯ ವಿಷಯದಲ್ಲಿ ಹಿಂದೆ ಬಿದ್ದುದೇಕೆ? ನನ್ನ ಅಭಿಪ್ರಾಯದಲ್ಲಿ ಉತ್ತರ ಇಷ್ಟೇ: ಸಾವನ್ನು ತಡೆಯುವ ಸಾಧನಗಳು ಹೊರಗಿನಿಂದ ಬರಬಲ್ಲವು, ಬೆಳೆಸುವ ಸಾಧನಗಳು ಆ ನೆಲದಲ್ಲೇ ಹುಟ್ಟಬೇಕು. ಲಸಿಕೆ ವಿಮಾನದಲ್ಲಿ ಬರುತ್ತದೆ, ಸೊಳ್ಳೆಪರದೆ ಹಡಗಿನಲ್ಲಿ ಬರುತ್ತದೆ, ವೈದ್ಯನನ್ನು ತರಬೇತು ಮಾಡಬಹುದು. ಆದರೆ ಏಳನೆಯ ತಿಂಗಳಿನಿಂದ ಮಗುವಿನ ಬಟ್ಟಲಿಗೆ ದಿನವೂ ಬೀಳಬೇಕಾದ ಹಾಲು, ಮೊಟ್ಟೆ, ಕಾಳು, ಸೊಪ್ಪು, ಹಣ್ಣು ಆ ಮನೆಯ ಹೊಲದಿಂದಲೋ ಹತ್ತಿರದ ಸಂತೆಯಿಂದಲೋ ಬರಬೇಕು, ಅದನ್ನು ಬೇಯಿಸಿ ಉಣಿಸುವಷ್ಟು ಬಿಡುವು ತಾಯಿಗೆ ಇರಬೇಕು. ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ಕುಡಿದು ಬೆಳೆಯುವ ಶಿಶುಗಳು ಅಲ್ಲಿ ನೂರಕ್ಕೆ ಎಂಬತ್ತರಷ್ಟಿವೆ. ಪೂರಕ ಆಹಾರದ ಕಾಲ ಬಂದಾಗ, ಆರರಿಂದ ಇಪ್ಪತ್ತಮೂರು ತಿಂಗಳ ವಯಸ್ಸಿನವರಲ್ಲಿ, ಕನಿಷ್ಠ ಮಟ್ಟದ ಪೂರ್ಣ ಆಹಾರವನ್ನು ಪಡೆಯುವವರು ನಾಲ್ಕರಲ್ಲಿ ಒಬ್ಬರೂ ಇಲ್ಲ. ತಾಯಿ ತನ್ನ ಪಾಲಿನದನ್ನು ಮಾಡಿದ್ದಾಳೆ. ಆಮೇಲೆ ಹೊಲ ಮಾಡಬೇಕಾದುದು ಆಗಿಲ್ಲ.

ಇದಕ್ಕೆ ಉತ್ತರ ಪ್ರಾಂತ್ಯದ ಮುಸಾಂಜೆ ಜಿಲ್ಲೆಗಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ. ಜ್ವಾಲಾಮುಖಿಗಳ ತಪ್ಪಲಿನ ಆ ಕಪ್ಪು ಮಣ್ಣು ದೇಶದಲ್ಲೇ ಅತ್ಯಂತ ಫಲವತ್ತಾದದ್ದು. ರಾಜಧಾನಿ ಕಿಗಾಲಿಯ ಮಾರುಕಟ್ಟೆಗೆ ಆಲೂಗಡ್ಡೆ ಬರುವುದು ಬಹುಮಟ್ಟಿಗೆ ಆ ಪ್ರದೇಶದಿಂದ. ಪರ್ವತ ಗೊರಿಲ್ಲಾಗಳನ್ನು ನೋಡುವುದಕ್ಕೆ ಜಗತ್ತಿನ ಶ್ರೀಮಂತರು ಬಂದಿಳಿಯುವುದೂ ಅಲ್ಲಿಗೇ. ಆದರೂ 2019-20ರಲ್ಲಿ ಕಿಗಾಲಿಯಲ್ಲಿ ನೂರಕ್ಕೆ 21 ಮಕ್ಕಳು ಕುಂಠಿತರಾಗಿದ್ದರೆ ಉತ್ತರ ಪ್ರಾಂತ್ಯದಲ್ಲಿ ನೂರಕ್ಕೆ 41 ಮಕ್ಕಳು ಕುಂಠಿತರಾಗಿದ್ದರು. ಬೆಳೆದವರ ಮಕ್ಕಳಿಗಿಂತ ಕೊಂಡು ತಿನ್ನುವವರ ಮಕ್ಕಳು ಎತ್ತರವಾಗಿ ಬೆಳೆದರೆ, ಭೂಮಿಯ ಫಲವತ್ತತೆಯೊಂದೇ ಮಗುವಿನ ಹಿತವನ್ನು ಕಾಯಲಾರದೆಂಬುದು ಸಿದ್ಧವಾಯಿತು. ಒಂದೆರಡು ಎಕರೆಯನ್ನು ಮೀರದ ಹಿಡುವಳಿಯಲ್ಲಿ ಬೆಳೆದದ್ದೆಲ್ಲ ಲಾರಿ ಹತ್ತಿ ಹೋಗುತ್ತದೆ. ಕೈಗೆ ಬಂದ ಕಾಸು ಗೊಬ್ಬರಕ್ಕೆ, ಬೀಜಕ್ಕೆ, ಶಾಲೆಯ ಖರ್ಚಿಗೆ ಹಂಚಿಹೋಗುತ್ತದೆ. ಮಗುವಿನ ಬಟ್ಟಲಿಗೆ ಉಳಿಯುವುದು ಮತ್ತೆ ಆಲೂಗಡ್ಡೆಯೇ.

2007ರಲ್ಲಿ ಆರಂಭವಾದ ಬೆಳೆ ತೀವ್ರೀಕರಣ ಕಾರ್ಯಕ್ರಮವನ್ನೂ ಇಲ್ಲಿ ನಿಷ್ಪಕ್ಷಪಾತವಾಗಿ ಪರಾಮರ್ಶಿಸಬೇಕು. ಚದುರಿದ ತುಂಡು ಜಮೀನುಗಳನ್ನು ಒಂದು ಯೋಜನೆಯಡಿ ತಂದು, ಆಯಾ ಪ್ರದೇಶಕ್ಕೆ ಇಂಥ ಬೆಳೆಯೆಂದು ಗೊತ್ತುಮಾಡಿ, ಸುಧಾರಿತ ಬೀಜವನ್ನೂ ರಸಗೊಬ್ಬರವನ್ನೂ ಒದಗಿಸಿದ ಈ ಕಾರ್ಯಕ್ರಮದಿಂದ ಮೆಕ್ಕೆಜೋಳ, ಗೋಧಿ, ಆಲೂಗಡ್ಡೆಗಳ ಇಳುವರಿ ಹೆಚ್ಚಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದಕ್ಕೆ ಮುಂಚೆ ಆ ಬೆಟ್ಟದ ಇಳಿಜಾರುಗಳಲ್ಲಿ ರೈತ ಹೆಂಗಸು ಬಾಳೆಯ ನೆರಳಿನಲ್ಲಿ ಹುರುಳಿಕಾಯಿಯನ್ನೂ, ಅದರ ಮಗ್ಗುಲಲ್ಲಿ ಗೆಣಸನ್ನೂ ಜೋಳವನ್ನೂ, ಬದುವಿನ ಮೇಲೆ ಕುಂಬಳವನ್ನೂ ಒಟ್ಟಿಗೆ ಬೆಳೆಯುತ್ತಿದ್ದಳು. ಒಂದು ಕೈಕೊಟ್ಟರೆ ಇನ್ನೊಂದು ಮನೆಯ ಒಲೆಯನ್ನು ಉರಿಸುತ್ತಿತ್ತು. ಮಿಶ್ರಬೇಸಾಯವನ್ನು ಹಿಂದುಳಿದ ಪದ್ಧತಿಯೆಂದು ಬದಿಗೆ ಸರಿಸಿದಾಗ ಕಣಜಕ್ಕೆ ಲಾಭವಾಯಿತು, ಅಡುಗೆಮನೆಗೆ ನಷ್ಟವಾಯಿತು.

ನೆಲದ ಕ್ಷೇಮವೂ ಮಗುವಿನ ಕ್ಷೇಮವೂ ಬೇರೆ ಬೇರೆ ಖಾತೆಗಳ ವಿಷಯವೆಂದು ಭಾವಿಸುವವರು 2023ರ ಮೇ ತಿಂಗಳ ಮೊದಲ ವಾರದ ದುರಂತವನ್ನು ಸ್ಮರಿಸಬೇಕು. ಒಂದೇ ರಾತ್ರಿಯ ಮಳೆಗೆ ಪಶ್ಚಿಮ ಮತ್ತು ಉತ್ತರ ಪ್ರಾಂತ್ಯಗಳ ಬೆಟ್ಟಗಳು ಕುಸಿದು 130ಕ್ಕೂ ಹೆಚ್ಚು ಜನ ಮಡಿದರು, ಸಾವಿರಾರು ಮನೆಗಳು ನೆಲಸಮವಾದುವು. ಹಾನಿಗೊಳಗಾದ ನ್ಗೊರೊರೆರೊ, ನ್ಯಾಬಿಹು, ರುಬಾವು ಜಿಲ್ಲೆಗಳೇ ಕುಂಠಿತ ಮಕ್ಕಳ ಪ್ರಮಾಣದಲ್ಲೂ ದೇಶದ ಮುಂಚೂಣಿಯಲ್ಲಿದ್ದ ಜಿಲ್ಲೆಗಳು. ನ್ಗೊರೊರೆರೊದಲ್ಲಂತೂ 2019-20ರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಆ ಸ್ಥಿತಿಯಲ್ಲಿದ್ದರು. ಮರ ಕಳೆದುಕೊಂಡ ಕಡಿದಾದ ಇಳಿಜಾರಿನಲ್ಲಿ ವರ್ಷವರ್ಷವೂ ಮೇಲ್ಮಣ್ಣು ಕೊಚ್ಚಿಹೋಗುತ್ತದೆ, ಮಣ್ಣು ಹೋದಂತೆ ಬೆಳೆ ತೆಳುವಾಗುತ್ತದೆ, ಬೆಳೆ ತೆಳುವಾದಂತೆ ಮಗು ಬೆಳೆಯುವುದು ನಿಲ್ಲುತ್ತದೆ. ಆದುದರಿಂದ ಬೆಟ್ಟಕ್ಕೆ ಮೆಟ್ಟಿಲುಗದ್ದೆಗಳನ್ನು ಕಟ್ಟುವುದೂ, ಬಹುಪಾಲು ನಾಶವಾಗಿದ್ದ ಗಿಶ್ವತಿ ಅರಣ್ಯವನ್ನು ಮತ್ತೆ ಬೆಳೆಸಿ 2015ರಲ್ಲಿ ರಾಷ್ಟ್ರೀಯ ಉದ್ಯಾನದ ರಕ್ಷಣೆಗೆ ಒಪ್ಪಿಸಿದುದೂ ಶಿಶುಪಾಲನೆಯ ಕಾರ್ಯಗಳೇ.

ದಾರಿಯನ್ನು ರುವಾಂಡಾ ಕಂಡಿಲ್ಲವೆಂದಲ್ಲ. 2006ರಲ್ಲಿ ಆರಂಭವಾದ ಗಿರಿಂಕ ಯೋಜನೆಯಡಿ ಬಡ ಕುಟುಂಬಕ್ಕೊಂದರಂತೆ ಇದುವರೆಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಹಸುಗಳನ್ನು ಹಂಚಲಾಗಿದೆ. ಹಸುವನ್ನು ಪಡೆದವರು ಅದರ ಮೊದಲ ಹೆಣ್ಣುಕರುವನ್ನು ಇನ್ನೊಂದು ಬಡ ಮನೆಗೆ ದಾನ ಮಾಡಬೇಕೆಂಬುದು ಅದರ ನಿಯಮ; ಹೀಗೆ ಒಂದು ಮನೆಯ ಭಾಗ್ಯ ನೆರೆಮನೆಯ ಭಾಗ್ಯವಾಗಿ ಮುಂದುವರಿಯುತ್ತದೆ. 2018ರ ಜುಲೈಯಲ್ಲಿ ಭಾರತದ ಪ್ರಧಾನಿ ನರೇಂದ್ರ ಮೋದಿಯವರು ರ್ವೇರು ಗ್ರಾಮದಲ್ಲಿ ಈ ಯೋಜನೆಗೆ 200 ಹಸುಗಳನ್ನು ಕೊಡುಗೆಯಿತ್ತುದು ಹಲವರ ನೆನಪಿನಲ್ಲಿದ್ದೀತು. ಹಾಲು ಮಗುವಿಗೆ, ಸಗಣಿಗೊಬ್ಬರ ಮೆಟ್ಟಿಲುಗದ್ದೆಗೆ, ಮೇವಿಗಾಗಿ ಬದುವಿನಲ್ಲಿ ನೆಟ್ಟ ಹುಲ್ಲು ಮಣ್ಣಿನ ತಡೆಗೆ: ಸುಸ್ಥಿರ ಅಭಿವೃದ್ಧಿಯೆಂದು ನಾವು ದೊಡ್ಡ ಸಭೆಗಳಲ್ಲಿ ಚರ್ಚಿಸುವುದು ಒಂದು ಕೊಟ್ಟಿಗೆಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಕೂಡಿಬರುವುದು ಅಪರೂಪ. ಆದರೆ ಕರೆದ ಹಾಲೆಲ್ಲ ಡೇರಿಗೆ ಹೋಗಿ ಮನೆಯ ಮಗುವಿಗೆ ಒಂದು ಲೋಟವೂ ಉಳಿಯದಿದ್ದರೆ ಯೋಜನೆಯ ಅರ್ಧ ಉದ್ದೇಶ ವ್ಯರ್ಥವಾದಂತೆ.

ಇನ್ನು ತಾಯಿಯ ಹೊತ್ತಿನ ಮಾತು. ಬೆಟ್ಟದ ಬುಡದ ಬುಗ್ಗೆಯಿಂದ ನೀರನ್ನು ಹೊತ್ತು ತಂದು, ಹೊಲ ಅಗೆದು, ಸೌದೆ ಕೂಡಿಸಿ, ಸಂಜೆ ಮನೆಗೆ ಬರುವ ತಾಯಿಯು ದಿನಕ್ಕೆ ನಾಲ್ಕಾರು ಸಲ ಮಗುವಿಗೆ ಉಣಿಸಬೇಕೆಂದು ಉಪದೇಶಿಸುವುದು ಸುಲಭ. ಆ ಉಪದೇಶಕ್ಕಿಂತ ಉಪಯುಕ್ತವಾದುದು ಅಲ್ಲಿನ ಹಳ್ಳಿಗಳಲ್ಲಿ ಈಗ ಹರಡುತ್ತಿರುವ ಮನೆ-ಶಿಶುವಿಹಾರ: ಹತ್ತು ಹದಿನೈದು ಕುಟುಂಬಗಳು ಒಂದು ಮನೆಯಂಗಳವನ್ನು ಗೊತ್ತುಮಾಡಿಕೊಂಡು, ಸರದಿಯ ಮೇಲೆ ಒಬ್ಬಿಬ್ಬರು ತಾಯಂದಿರು ಎಲ್ಲರ ಮಕ್ಕಳನ್ನೂ ನೋಡಿಕೊಂಡು, ಕೈ ತೊಳೆಸಿ ಗಂಜಿ ಕುಡಿಸಿ ಆಡಿಸುವ ವ್ಯವಸ್ಥೆ. ಮನೆಯ ಹಿತ್ತಿಲಲ್ಲಿ ಕಲ್ಲುಸುತ್ತು ಕಟ್ಟಿ, ಮಣ್ಣನ್ನು ಅಂತಸ್ತುಗಳಾಗಿ ಏರಿಸಿ, ಹರಿವೆ, ಗಜ್ಜರಿ, ಕೋಸುಗಳನ್ನು ಬೆಳೆಯುವ ದುಂಡನೆಯ ಕೈತೋಟವೂ ಇದರೊಡನೆ ಕೂಡಿದರೆ, ಅಲ್ಪ ವೆಚ್ಚದಲ್ಲಿ ಇದಕ್ಕಿಂತ ಹೆಚ್ಚಿನ ಫಲವನ್ನು ಕೊಡುವ ಕಾರ್ಯಕ್ರಮವನ್ನು ನಾನು ಕಾಣೆ. ಸರ್ಕಾರದ ಬೊಕ್ಕಸ ಮೊದಲು ತೆರೆಯಬೇಕಾದುದು ಇಂಥವಕ್ಕೆ.

ಬೊಕ್ಕಸದ ಮಾತು ಬಂದಾಗ ಒಂದು ಕಟುಸತ್ಯವನ್ನೂ ಹೇಳಬೇಕಾಗುತ್ತದೆ. ರುವಾಂಡಾದ ಆರೋಗ್ಯ ವ್ಯವಸ್ಥೆ ಬಹುಕಾಲ ವಿದೇಶೀ ನೆರವನ್ನು ಆಶ್ರಯಿಸಿ ನಿಂತಿದೆ. 2025ರಲ್ಲಿ ಅಮೆರಿಕವು ತನ್ನ ನೆರವಿನ ಕಾರ್ಯಕ್ರಮಗಳನ್ನು ಜಗತ್ತಿನಾದ್ಯಂತ ಮೊಟಕುಗೊಳಿಸಿತು. ನೆರೆಯ ಕಾಂಗೋದಲ್ಲಿ ಎಂ23 ಬಂಡುಕೋರರಿಗೆ ರುವಾಂಡಾ ಬೆಂಬಲವೀಯುತ್ತಿದೆಯೆಂಬ ಕಾರಣದಿಂದ ಬ್ರಿಟನ್, ಜರ್ಮನಿಗಳೂ ಕೈ ಬಿಗಿಹಿಡಿದುವು. ಈ ಆಪಾದನೆಯನ್ನು ಕಿಗಾಲಿ ನಿರಾಕರಿಸುತ್ತದೆ. ವಿಶ್ವಸಂಸ್ಥೆಯ ತಜ್ಞರ ವರದಿಗಳು ಅದನ್ನು ಎತ್ತಿಹಿಡಿದಿವೆ. ಗಡಿಯಾಚೆಯ ಯುದ್ಧದಲ್ಲಿ ನಿರಾಶ್ರಿತರಾಗುವ ಕಾಂಗೋದ ಮಕ್ಕಳೂ ಮಕ್ಕಳೇ. ನೆರೆಯ ಶಾಂತಿಯನ್ನು ಕದಡಿ ತನ್ನ ಮಕ್ಕಳ ಭವಿಷ್ಯವನ್ನು ಭದ್ರಗೊಳಿಸುತ್ತೇನೆಂದು ಯಾವ ರಾಷ್ಟ್ರವೂ ನಂಬಬಾರದು. ಅನ್ಯರ ದಾನದ ಮೇಲೆ ನಿಂತ ಕ್ಷೇಮವು ಅವರ ಮನಸ್ಸು ತಿರುಗಿದ ದಿನವೇ ಕುಸಿಯುತ್ತದೆ.

ಕನ್ನಡ ವಾಚಕರಿಗೆ ಇದು ದೂರದ ಕಥೆಯೆನಿಸಬೇಕಾಗಿಲ್ಲ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 2019-21ರಲ್ಲಿ, ನಡೆದ ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ಕುಂಠಿತರು. ವರಮಾನದಲ್ಲಿ ನಮಗಿಂತ ಬಹಳ ಕೆಳಗಿರುವ, ಮೂವತ್ತು ವರ್ಷಗಳ ಹಿಂದೆ ಸರ್ವನಾಶವಾಗಿದ್ದ ಒಂದು ದೇಶದ ಸಂಖ್ಯೆ ನಮ್ಮದಕ್ಕಿಂತ ಎರಡು ಕಡಿಮೆ. ಆ ದೇಶವನ್ನು ನಾವು ವಿಮರ್ಶಿಸುವಾಗ ಈ ಲೆಕ್ಕ ನಮ್ಮ ಕಣ್ಣೆದುರಿಗಿರಬೇಕು.

ರುವಾಂಡಾ 2050ರೊಳಗೆ ಶ್ರೀಮಂತ ರಾಷ್ಟ್ರಗಳ ಸಾಲಿಗೆ ಸೇರುವ ಗುರಿಯನ್ನಿಟ್ಟುಕೊಂಡಿದೆ. ಆ ವರ್ಷ ದೇಶವನ್ನು ನಡೆಸತಕ್ಕವರು ಇಂದು ಬೆಟ್ಟದ ಮನೆಗಳಲ್ಲಿ ಅಂಬೆಗಾಲಿಡುತ್ತಿರುವ ಮಕ್ಕಳು. ಕಿಗಾಲಿಯ ಸ್ವಚ್ಛ ಬೀದಿಗಳನ್ನೂ ಗಗನಚುಂಬಿ ಕಟ್ಟಡಗಳನ್ನೂ ಕಂಡು ಹೊಗಳುವವರು ಅಲ್ಲಿಂದ ಎರಡು ಮೂರು ಗಂಟೆ ಪ್ರಯಾಣದಾಚೆಯ ಒಂದು ಹಳ್ಳಿಯಲ್ಲಿ ಎರಡು ವರ್ಷದ ಮಗು ಎಷ್ಟು ಎತ್ತರವಿದೆಯೆಂದು ವಿಚಾರಿಸಬೇಕು. ಯೋಜನೆಗಳನ್ನು ರೂಪಿಸುವವರು ಕೃಷಿ, ಅರಣ್ಯ, ನೀರು, ಆರೋಗ್ಯ ಎಂಬ ಇಲಾಖೆಗಳೆಲ್ಲಕ್ಕೂ ಅದೊಂದನ್ನೇ ಸಮಾನ ಪರೀಕ್ಷೆಯಾಗಿ ಇಡಬೇಕು. ಮಕ್ಕಳನ್ನು ಮೃತ್ಯುವಿನ ಬಾಯಿಂದ ಬಿಡಿಸಿಕೊಂಡ ಶಕ್ತಿ ಆ ನಾಡಿಗೆ ಇರುವುದು ಸಿದ್ಧವಾಗಿದೆ. ಆಸ್ಪತ್ರೆಗೆ ತೋರಿಸಿದ ಶ್ರದ್ಧೆಯನ್ನೇ ಹೊಲಕ್ಕೂ ಬೆಟ್ಟಕ್ಕೂ ತಾಯಿಯ ದುಡಿಮೆಗೂ ತೋರಿಸಿದರೆ ಆ ಮಕ್ಕಳನ್ನು ಬೆಳೆಸುವ ಶಕ್ತಿಯೂ ಅದಕ್ಕೆ ಇದೆ. ತೋರಿಸದಿದ್ದರೆ, ಅದು ಕಟ್ಟುತ್ತಿರುವ ಅಭಿವೃದ್ಧಿಯನ್ನು ಮುಂದೆ ಹೊರತಕ್ಕ ಹೆಗಲುಗಳೇ ಬಲವಾಗಿರಲಾರವು.