ಇಟ್ಟಿಗೆ ಆಟ ಯಾರದು?

ಇಂದು ನಲವತ್ತರ ಆಸುಪಾಸಿನಲ್ಲಿರುವವರ ಬಾಲ್ಯಸ್ಮರಣೆಯಲ್ಲಿ ಅಂಗೈಯಗಲದ ಒಂದು ಯಂತ್ರಕ್ಕೆ ಖಾಯಂ ಸ್ಥಾನವಿದೆ. ಪುಟ್ಟ ಪರದೆಯ ಮೇಲಿಂದ ಇಳಿಯುವ ಇಟ್ಟಿಗೆಗಳನ್ನು ತಿರುಗಿಸಿ ಸಂದಿಲ್ಲದಂತೆ ಸಾಲು ತುಂಬಿದರೆ ಆ ಸಾಲು ಮಾಯ. ನಮ್ಮಲ್ಲಿ ಅದು ‘ಬ್ರಿಕ್ ಗೇಮ್’. ಜಾತ್ರೆಯ ಅಂಗಡಿಗಳಲ್ಲಿ ‘9999 ಇನ್ 1’ ಎಂಬ ಉತ್ಪ್ರೇಕ್ಷೆಯ ಹಣೆಪಟ್ಟಿ ಹೊತ್ತು ಬಂದ ಆ ಅಗ್ಗದ ಆಟಿಕೆಯ ಮೂಲ ಟೆಟ್ರಿಸ್. ಅದನ್ನು ರಚಿಸಿದಾತ ಒಬ್ಬ ಸರ್ಕಾರಿ ನೌಕರ ಎಂಬ ಸಂಗತಿ ಮಾತ್ರ ಈ ಸ್ಮರಣೆಗಳಲ್ಲಿ ಸುಳಿಯುವುದಿಲ್ಲ.

ಅಲೆಕ್ಸಿ ಪಜಿತ್ನೊವ್ ಮಾಸ್ಕೋದಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದ ಉದ್ಯೋಗಿಯಾಗಿದ್ದರು. 1984ರಲ್ಲಿ ‘ಎಲೆಕ್ಟ್ರೋನಿಕಾ 60’ ಎಂಬ ಗಣಕದಲ್ಲಿ ಈ ಆಟವನ್ನು ಬರೆದರು. ಆ ಯಂತ್ರಕ್ಕೆ ಚಿತ್ರ ಮೂಡಿಸುವ ಶಕ್ತಿಯೇ ಇರಲಿಲ್ಲ. ಆವರಣ ಚಿಹ್ನೆಗಳನ್ನೇ ಇಟ್ಟಿಗೆಗಳಾಗಿಸಿಕೊಂಡರು. ನಾಲ್ಕು ಚೌಕಗಳನ್ನು ಜೋಡಿಸಿ ಏಳೇ ಆಕಾರಗಳು. ಆಟದ ಬಂಡವಾಳ ಅಷ್ಟೇ.

ಗಣಕದಿಂದ ಗಣಕಕ್ಕೆ ನಕಲಾಗುತ್ತ ಆಟ ಪಶ್ಚಿಮಕ್ಕೆ ತಲುಪಿದಾಗ ಹಕ್ಕಿನ ಪ್ರಶ್ನೆ ಎದ್ದಿತು. ಸೋವಿಯತ್ ತಂತ್ರಾಂಶದ ವಿದೇಶಿ ವ್ಯಾಪಾರವೆಲ್ಲ ‘ಎಲೋರ್ಗ್’ ಎಂಬ ಸರ್ಕಾರಿ ಸಂಸ್ಥೆಯ ಸ್ವತ್ತು. 1989ರಲ್ಲಿ ಹೆಂಕ್ ರಾಜರ್ಸ್ ಎಂಬ ಉದ್ಯಮಿ ಮಾಸ್ಕೋಗೆ ತೆರಳಿ, ಕೈಯಲ್ಲಿ ಹಿಡಿದು ಆಡುವ ಯಂತ್ರಗಳ ಹಕ್ಕನ್ನು ಪಡೆದರು. ಅದೇ ವರ್ಷ ನಿಂಟೆಂಡೊದ ‘ಗೇಮ್ ಬಾಯ್’ ಮಾರುಕಟ್ಟೆಗೆ ಬಂದಿತು. ಸ್ವಂತ ಬೆಳಕಿಲ್ಲದ ಹಸಿರು ಮಿಶ್ರಿತ ಪರದೆ, ನಾಲ್ಕು ಸೆಲ್ಲುಗಳು, ರಷ್ಯದ ಜಾನಪದ ಧಾಟಿ. ಆ ಯಂತ್ರಕ್ಕಾಗಿ ಮಾರಾಟವಾದ ಟೆಟ್ರಿಸ್ ಪ್ರತಿಗಳ ಸಂಖ್ಯೆ ಸುಮಾರು 3.5 ಕೋಟಿ. ರಚಿಸಿದವರಿಗೆ ರಾಯಧನ ಬರತೊಡಗಿದ್ದಾದರೋ 1996ರಲ್ಲಿ, ಸೋವಿಯತ್ ಒಕ್ಕೂಟವೇ ಇಲ್ಲವಾದ ಮೇಲೆ.

ಇದನ್ನು ಕಮ್ಯುನಿಸ್ಟ್ ವ್ಯವಸ್ಥೆಯ ವೈಪರೀತ್ಯವೆಂದು ತಳ್ಳಿಹಾಕುವವರು ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಪ್ರಕರಣವನ್ನು ಓದುವುದೊಳಿತು. ಬೇರೆ ಒಪ್ಪಂದವಿಲ್ಲದಿದ್ದರೆ ಸರ್ಕಾರಿ ಕೃತಿಯ ಮೊದಲ ಒಡೆಯ ಸರ್ಕಾರವೇ. ಸಂಬಳ ಕೊಟ್ಟವನು ಒಡೆಯ ಎಂಬ ವಾದದಲ್ಲಿ ಅರ್ಥಶಾಸ್ತ್ರದ ದೃಷ್ಟಿಯಿಂದ ತಥ್ಯವಿದೆ. ಸೋಲಿನ ನಷ್ಟವನ್ನು ಹೊರುವವನೂ ಅವನೇ ತಾನೆ. ಆದರೆ ಯಾರೂ ಹೇಳದೆ, ಯಾರೂ ಕೇಳದೆ ಹುಟ್ಟಿದ ಕೃತಿಯಲ್ಲಿ ಒಡೆಯ ಹೊತ್ತ ಅಪಾಯವಾದರೂ ಯಾವುದು? ದ್ವಿತೀಯ ದರ್ಜೆ ಸಹಾಯಕರು ರಾತ್ರಿ ಕುಳಿತು ಬರೆದ ತಂತ್ರಾಂಶವನ್ನು ಇಲಾಖೆಯೇ ತನ್ನದೆಂದು ಪ್ರದರ್ಶಿಸಿದ್ದನ್ನು ನನ್ನ ಸೇವಾವಧಿಯಲ್ಲಿ ಕಂಡಿದ್ದೇನೆ. ಅವರಿಗೆ ದೊರೆತದ್ದು ಪ್ರಶಂಸಾಪತ್ರ. ಕೆಲವರಿಗೆ ಅದೂ ಇಲ್ಲ.

ನಮ್ಮ ಕೆಲವು ಸಂಶೋಧನಾ ಸಂಸ್ಥೆಗಳು ಪರವಾನಗಿಯ ಆದಾಯದಲ್ಲಿ ವಿಜ್ಞಾನಿಗಳಿಗೆ ಪಾಲು ಕೊಡುವ ನಿಯಮ ರೂಪಿಸಿಕೊಂಡಿವೆ. ಕಂದಾಯ, ಖಜಾನೆ, ಶಿಕ್ಷಣ ಇಲಾಖೆಗಳ ನೌಕರರಿಗೂ ಅಂಥದೊಂದು ನಿಯಮ ಬೇಕು: ಕೃತಿಯ ಮೇಲೆ ರಚಿಸಿದವರ ಹೆಸರು, ಅದು ಹಣ ತಂದರೆ ಅದರಲ್ಲೊಂದು ಪಾಲು. ಕಾಯ್ದೆಯ ತಿದ್ದುಪಡಿಗೆ ಕಾಯಬೇಕಿಲ್ಲ. ಬೇರೆ ಒಪ್ಪಂದಕ್ಕೆ 17ನೇ ಪ್ರಕರಣವೇ ಎಡೆ ಮಾಡಿಕೊಟ್ಟಿದೆ.