ತೆಗೆದ ಮೇಲೆ ಹೊಂದಿಸುವ ಪಟ

ನಮ್ಮ ಮನೆಯ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ನಮ್ಮ ತಾಯಿಯವರ ಪಟವೊಂದಿದೆ. 1988ನೆಯ ಇಸವಿಯ ದೀಪಾವಳಿಯಂದು ನಾನೇ ತೆಗೆದದ್ದು. ಆಗ ನನಗೆ ಉಪಾಧ್ಯಾಯ ವೃತ್ತಿ ದೊರೆತು ಎರಡು ವರ್ಷಗಳೂ ತುಂಬಿರಲಿಲ್ಲ. ಸಹೋದ್ಯೋಗಿಯೊಬ್ಬರಿಂದ ಕ್ಯಾಮರಾವನ್ನು ಎರವಲು ತಂದಿದ್ದೆ. ಅದರ ಮಸೂರದ ಸುತ್ತಲಿನ ಬಳೆಯನ್ನು ತಿರುಗಿಸಿ, ಎದುರಿನ ವಸ್ತು ಎಷ್ಟು ದೂರದಲ್ಲಿದೆಯೆಂಬುದನ್ನು ಮೊದಲೇ ಗೊತ್ತುಮಾಡಬೇಕಾಗಿತ್ತು. ಬಳೆಯ ಮೇಲೆ ಅಡಿಯ ಅಂಕಿಗಳೂ ಇದ್ದುವು, ಮೀಟರಿನ ಅಂಕಿಗಳೂ ಇದ್ದುವು. ತಾಯಿಯವರು ನಿಂತದ್ದು ಐದಡಿ ದೂರದಲ್ಲಿ. ನಾನು ತಿರುಗಿಸಿದ್ದು ಐದು ಮೀಟರಿಗೆ. ಹಿಂದಣ ತುಳಸಿಯ ಒಂದೊಂದು ಎಲೆಯೂ ಎಣಿಸುವ ಹಾಗೆ ಮೂಡಿತು. ಮುಂದೆ ನಿಂತಿದ್ದವರ ಮುಖವು ಮಂಜಿನೊಳಗಿನ ದೀಪದಂತಾಯಿತು. ಮರುವರ್ಷದ ದೀಪಾವಳಿಗೆ ಅವರು ಇರಲಿಲ್ಲ. ಅವರ ಕೊನೆಗಾಲದ ಪಟ ನಮ್ಮಲ್ಲಿ ಬೇರೊಂದಿಲ್ಲ.

ಆದುದರಿಂದ, ಮೊದಲು ಚಿತ್ರವನ್ನು ತೆಗೆದು ಆಮೇಲೆ ಫೋಕಸ್ಸನ್ನು ಹೊಂದಿಸಿಕೊಳ್ಳಬಹುದಾದ ಕ್ಯಾಮರಾ ಒಂದು ಅಮೆರಿಕದಲ್ಲಿ ಸಿದ್ಧವಾಗಿದೆಯೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನನ್ನ ಮನಸ್ಸು ಅದರಲ್ಲಿಯೇ ನಿಂತುಬಿಟ್ಟಿತು. (ಪಾಠಪುಸ್ತಕಗಳಲ್ಲಿ ಫೋಕಸ್ಸಿಗೆ ಸಂಗಮವೆಂಬ ಒಳ್ಳೆಯ ಶಬ್ದವಿದೆ. ಆದರೆ ಅದು ಶಾಲೆಯ ಹೊಸ್ತಿಲನ್ನು ದಾಟಿ ಮನೆಗಳಿಗೆ ಬರಲಿಲ್ಲವಾದುದರಿಂದ ನಾನೂ ಹಟ ಹಿಡಿಯುವುದಿಲ್ಲ.) ಲೈಟ್ರೋ ಎಂಬ ಆ ಯಂತ್ರವನ್ನು 2011ರ ಕೊನೆಯಲ್ಲಿ ಪ್ರಕಟಿಸಿದರು, 2012ರಲ್ಲಿ ಅದು ಕೊಳ್ಳುವವರ ಕೈಗೆ ಬಂದಿತು. ಇನ್ನು ಕೆಲವೇ ವರ್ಷಗಳಲ್ಲಿ ಎಲ್ಲ ಕ್ಯಾಮರಾಗಳೂ ಹೀಗೆಯೇ ಆಗುವುವೆಂದು ನಾನು ಅಧ್ಯಾಪಕರ ಕೊಠಡಿಯಲ್ಲಿ ಬಹಳ ಉತ್ಸಾಹದಿಂದ ವಾದಿಸಿದೆ. ಹಾಗಾಗಲಿಲ್ಲ. ನನ್ನ ವಾದವು ಸೋತದ್ದೇಕೆಂದು ಅನೇಕ ಸಲ ಯೋಚಿಸಿದ್ದೇನೆ. ಈ ತಿಂಗಳು ಅದನ್ನೇ ವಾಚಕರ ಮುಂದಿಡುತ್ತೇನೆ.

ಯಂತ್ರದ ತತ್ತ್ವವು ಕಠಿನವಾದುದಲ್ಲ. ಮನೆಯ ಜಮಾಖರ್ಚಿನ ಪುಸ್ತಕವನ್ನು ನೆನೆಯಿರಿ. ತಿಂಗಳ ಕೊನೆಯಲ್ಲಿ ಒಟ್ಟು ಮೊತ್ತವನ್ನು ಮಾತ್ರ ಬರೆದಿಟ್ಟರೆ, ಹಾಲಿಗೆಷ್ಟು ಹೋಯಿತು, ಸೌದೆಗೆಷ್ಟು ಹೋಯಿತು ಎಂಬುದು ಆಮೇಲೆ ತಿಳಿಯುವ ಹಾಗಿಲ್ಲ. ಸಾಮಾನ್ಯ ಕ್ಯಾಮರಾ ಮಾಡುವುದೂ ಇಷ್ಟೇ. ಮಸೂರದ ನಾನಾ ಭಾಗಗಳಿಂದ ಬಂದ ಕಿರಣಗಳು ಒಂದು ಬಿಂದುವಿನಲ್ಲಿ ಬಿದ್ದಾಗ ಅವುಗಳ ಒಟ್ಟು ಬೆಳಕನ್ನು ಮಾತ್ರ ಅದು ಬರೆದುಕೊಳ್ಳುವುದು; ಯಾವ ಕಿರಣವು ಯಾವ ದಿಕ್ಕಿನಿಂದ ಬಂದಿತೆಂಬುದು ಅಲ್ಲಿಯೇ ಅಳಿದುಹೋಗುವುದು. ಲೈಟ್ರೋ ಯಂತ್ರದಲ್ಲಿ ಬೆಳಕನ್ನು ಹಿಡಿಯುವ ಫಲಕದ ಮುಂದೆ ಅತಿಸೂಕ್ಷ್ಮವಾದ ಮಸೂರಗಳ ಜಾಲವೊಂದಿತ್ತು. ಅದು ಕಿರಣಗಳನ್ನು ದಿಕ್ಕುದಿಕ್ಕಾಗಿ ಬಿಡಿಸಿ, ಬಾಬುವಾರು ಲೆಕ್ಕ ಬರೆಯಿಸುತ್ತಿತ್ತು. ಬಾಬುಗಳು ಕೈಯಲ್ಲಿದ್ದರೆ ಮೊತ್ತವನ್ನು ಬೇಕಾದ ಹಾಗೆ ಕೂಡಿಸಬಹುದಷ್ಟೆ; ಒಂದು ರೀತಿ ಕೂಡಿಸಿದರೆ ತುಳಸಿ ಸ್ಪಷ್ಟವಾಗುವುದು, ಇನ್ನೊಂದು ರೀತಿ ಕೂಡಿಸಿದರೆ ಮುಖ. ಪ್ರಾಸಂಗಿಕವಾಗಿ ಒಂದು ಮಾತು: ಸಂಸ್ಕೃತದಲ್ಲಿ ಮಸೂರವೆಂದರೆ ಅಡುಗೆಮನೆಯ ಡಬ್ಬಿಯಲ್ಲಿರುವ ಆ ಕೆಂಪು ಬೇಳೆಯೇ, ಲ್ಯಾಟಿನಿನ ಲೆನ್ಸ್ ಎಂಬ ಪದಕ್ಕೂ ಅದೇ ಅರ್ಥ. ಕಾಳಿನ ಆಕಾರದಿಂದ ಬಂದ ಹೆಸರು.

ಈ ಯೋಚನೆಯೂ ಹೊಚ್ಚ ಹೊಸದಾಗಿರಲಿಲ್ಲ. ಫ್ರಾನ್ಸಿನ ವಿಜ್ಞಾನಿ ಗೇಬ್ರಿಯಲ್ ಲಿಪ್‌ಮನ್ನನು 1908ರಲ್ಲಿಯೇ, ನೊಣದ ಕಣ್ಣಿನಂತೆ ಪುಟ್ಟ ಮಸೂರಗಳನ್ನು ಹೊದ್ದ ಫಲಕದಿಂದ ಚಿತ್ರ ತೆಗೆಯುವ ವಿಧಾನವನ್ನು ನಿರೂಪಿಸಿದ್ದನು. ಗಣಕಯಂತ್ರವಿಲ್ಲದ ಕಾಲ, ವಿಷಯವು ಅಲ್ಲಿಗೇ ನಿಂತಿತು. ಅದನ್ನು ಕೈಯಲ್ಲಿ ಹಿಡಿಯುವ ವಸ್ತುವನ್ನಾಗಿ ಮಾಡುವ ದಾರಿಯನ್ನು ತೋರಿಸಿದವನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ 2006ರಲ್ಲಿ ಪ್ರಬಂಧ ಬರೆದ ರೆನ್ ಇಂಗ್ ಎಂಬ ತರುಣ. ಪಂಡಿತರು ಆ ಪ್ರಬಂಧಕ್ಕೆ ಬಹುಮಾನವಿತ್ತರು. ಅವನು ತಾನೇ ಸಂಸ್ಥೆಯೊಂದನ್ನು ಸ್ಥಾಪಿಸಿ, ವಿದ್ಯೆಯನ್ನು ಅಂಗಡಿಯವರೆಗೆ ತಂದನು. ಇಷ್ಟು ಮಾಡುವ ವಿದ್ವಾಂಸರು ಅಪರೂಪ.

ಯಂತ್ರವು ಅಂಗೈಯಲ್ಲಿ ಹಿಡಿಸುವಂತಹ, ಸುಮಾರು ಹನ್ನೊಂದು ಸೆಂಟಿಮೀಟರು ಉದ್ದದ ಚೌಕನೆಯ ಕೊಳವೆಯಾಗಿತ್ತು. ಬೆಲೆ 399 ಡಾಲರಿನಿಂದ ಮೊದಲು. ಅದರ ಫಲಕವು ಒಂದು ಕೋಟಿ ಹತ್ತು ಲಕ್ಷ ಕಿರಣಗಳನ್ನು ಬರೆದುಕೊಳ್ಳುತ್ತಿತ್ತು. ಆದರೆ ಬಾಬುವಾರು ಬರೆದರೆ ಪುಟಗಳು ಬೇಗ ತುಂಬುವುವಲ್ಲವೇ? ಕಟ್ಟಕಡೆಗೆ ಕಣ್ಣಿಗೆ ಕಾಣುವ ಚಿತ್ರವು ಅಗಲಕ್ಕೆ 1080, ಎತ್ತರಕ್ಕೆ 1080 ಬಿಂದುಗಳು ಮಾತ್ರ; ಅಂದರೆ ಸುಮಾರು ಹನ್ನೆರಡು ಲಕ್ಷ. 2011ರಲ್ಲಿ ಮಾರಾಟಕ್ಕೆ ಬಂದ ಐಫೋನ್ 4ಎಸ್ ಎಂಬ ಫೋನಿನ ಕ್ಯಾಮರಾ ಎಂಬತ್ತು ಲಕ್ಷ ಬಿಂದುಗಳ ಚಿತ್ರವನ್ನು ಕೊಡುತ್ತಿತ್ತು. ಅದರಲ್ಲಿ ಮಾತನಾಡಲೂ ಬರುತ್ತಿತ್ತು!

ಚಿತ್ರವು ಒರಟಾಗಿದ್ದುದರಿಂದಲೇ ಜನರು ಕೈಬಿಟ್ಟರೆಂದು ಅನೇಕರು ಹೇಳುವರು. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. 1975ರಲ್ಲಿ ಕೊಡ್ಯಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ರಚಿಸಿದ ಮೊದಲ ಡಿಜಿಟಲ್ ಕ್ಯಾಮರಾದ ಚಿತ್ರದಲ್ಲಿ ಇದ್ದುದು ಹತ್ತು ಸಾವಿರ ಬಿಂದುಗಳು. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡುಗಳು ಹಿಡಿಯುತ್ತಿದ್ದುವು. ಆದರೂ ಆ ಕೂಸೇ ಬೆಳೆದು ಫಿಲ್ಮನ್ನು ನುಂಗಿತು. 2012ರ ಜನವರಿಯಲ್ಲಿ ಕೊಡ್ಯಾಕ್ ಸಂಸ್ಥೆಯೇ ದಿವಾಳಿಯ ಅರ್ಜಿ ಹಾಕಬೇಕಾಯಿತು. ಒರಟುತನವನ್ನು ಜನರು ಸಹಿಸುತ್ತಾರೆ. ಆದರೆ ತಮ್ಮ ಮೇಲಿನ ಒಂದು ಭಾರವನ್ನು ಅದು ಇಳಿಸಬೇಕು. ಅದೇ ಸಂಸ್ಥೆಯು 1888ರಲ್ಲಿ 25 ಡಾಲರಿನ ಮೊದಲ ಪೆಟ್ಟಿಗೆ ಕ್ಯಾಮರಾವನ್ನು ಮಾರಿದಾಗ ಇಳಿಸಿದ ಭಾರವಾದರೂ ಎಂತಹುದು! ನೂರು ಚಿತ್ರಗಳನ್ನು ತೆಗೆದು ಪೆಟ್ಟಿಗೆಯನ್ನೇ ಅಂಚೆಯಲ್ಲಿ ಕಳುಹಿಸಿದರೆ, ಮುದ್ರಿಸಿದ ಪಟಗಳೊಂದಿಗೆ ಹೊಸ ಸುರುಳಿ ತುಂಬಿದ ಪೆಟ್ಟಿಗೆ ಹಿಂದಿರುಗಿ ಬರುತ್ತಿತ್ತು. ಗೃಹಸ್ಥನಿಗೆ ಕತ್ತಲೆಯ ಕೋಣೆಯೂ ಇಲ್ಲ, ಔಷಧದ ವಾಸನೆಯೂ ಇಲ್ಲ.

ಲೈಟ್ರೋ ಯಂತ್ರವು ಭಾರವನ್ನು ಇಳಿಸಲಿಲ್ಲ, ಮುಂದಕ್ಕೆ ಹಾಕಿತು. ಚಿತ್ರ ತೆಗೆಯುವಾಗ ಮಾಡಬೇಕಾದ ಕೆಲಸವನ್ನು ಆಮೇಲೆ ಗಣಕದ ಮುಂದೆ ಕುಳಿತು ಮಾಡಬೇಕಾಯಿತು. ಮಗುವಿನ ನಾಮಕರಣದಲ್ಲಿ ಇನ್ನೂರು ಚಿತ್ರಗಳನ್ನು ತೆಗೆದವನು ಇನ್ನೂರು ಸಲ ಹಾಗೆ ಕುಳಿತುಕೊಳ್ಳುವನೇ? ಜನಸಾಮಾನ್ಯನಿಗೆ ಬೇಕಾದುದು ಆಮೇಲೆ ಆರಿಸಿಕೊಳ್ಳುವ ಅಧಿಕಾರವಲ್ಲ, ಆರಿಸಬೇಕಾದ ತೊಡಕೇ ಇಲ್ಲದಿರುವುದು. ಅಷ್ಟೇ ಅಲ್ಲ, ಯಾವ ತೊಂದರೆಗೆ ಈ ಯಂತ್ರವು ಮದ್ದಾಗಿತ್ತೋ ಆ ತೊಂದರೆಯೇ ಆ ವೇಳೆಗೆ ಮನೆಗಳಿಂದ ಹೆಚ್ಚು ಕಡಿಮೆ ಹೊರಟುಹೋಗಿತ್ತು. ಫೋನಿನೊಳಗಿನ ಮಸೂರವು ಬಹಳ ಚಿಕ್ಕದು; ಅಂತಹುದರಲ್ಲಿ ಐದಡಿಯ ಮುಖವೂ ಹಿಂದಿನ ತುಳಸಿಯೂ ಸಾಮಾನ್ಯವಾಗಿ ಒಟ್ಟಿಗೇ ಸ್ಪಷ್ಟವಾಗಿ ಬರುವುವು. ಹೀಗಾಗಿ ಲೈಟ್ರೋ ಕೊಂಡವರು ತಮ್ಮ ಯಂತ್ರದ ಮಹಿಮೆಯನ್ನು ತೋರಿಸಬೇಕಾದರೆ ಮೂಗಿನ ಮುಂದೆ ಹೂವೊಂದನ್ನೋ ಬಟ್ಟಲೊಂದನ್ನೋ ಇಟ್ಟು, ದೂರದಲ್ಲಿ ಒಬ್ಬರನ್ನು ನಿಲ್ಲಿಸಬೇಕಾಗಿತ್ತು. ಎರಡು ಮೂರು ದಿನ ನೆಂಟರಿಷ್ಟರು ಬೆರಗಾಗುವರು. ನಾಲ್ಕನೆಯ ದಿನ?

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಚಿಂತೆಗೀಡುಮಾಡಿದ ಸಂಗತಿ ಬೇರೊಂದು. ಆ ಚಿತ್ರಗಳು ಮುಟ್ಟಿದಲ್ಲಿ ಸ್ಪಷ್ಟವಾಗುತ್ತಿದ್ದುದು ಸಂಸ್ಥೆಯವರದೇ ಆದ ಉಪಕರಣದಲ್ಲಿ. ಕಾಗದಕ್ಕೆ ಇಳಿಸಿದರೆ ಅವೂ ಎಲ್ಲ ಪಟಗಳಂತೆ ಒಂದು ಪಟ. ಅವರು 2014ರಲ್ಲಿ ಇಲ್ಲಮ್ ಎಂಬ ಎರಡನೆಯ ಯಂತ್ರವನ್ನು ತಂದರು. ಬೆಲೆ ಸುಮಾರು 1,600 ಡಾಲರು. ಅದೂ ನಡೆಯದಿರಲು ಗೃಹಸ್ಥರನ್ನು ಬಿಟ್ಟು ಚಲಚ್ಚಿತ್ರದವರ ಕಡೆಗೆ ತಿರುಗಿದರು. ಗ್ರಾಹಕರು ತಮ್ಮ ಚಿತ್ರಗಳನ್ನು ಇಟ್ಟು ಬಂಧುಗಳಿಗೆ ತೋರಿಸುತ್ತಿದ್ದ ಅಂತರ್ಜಾಲದ ತಾಣವು 2017ರಲ್ಲಿ ನಿಂತಿತು. 2018ರಲ್ಲಿ ಸಂಸ್ಥೆಯೇ ಮುಚ್ಚಿತು. ಮಾಡಿದವನು ಬದುಕಿರುವವರೆಗೆ ಮಾತ್ರ ಜೀವವಿರುವ ಪಟವನ್ನು ಮನೆಯ ಪೆಟ್ಟಿಗೆಯಲ್ಲಿ ಹೇಗೆ ಇಡುವುದು? ನನ್ನ ತಪ್ಪು ಪಟವು ಮೂವತ್ತೇಳು ವರ್ಷಗಳಿಂದ ಯಾರ ಹಂಗೂ ಇಲ್ಲದೆ ಅಲ್ಲಿಯೇ ಇದೆ.

ಹಾಗೆಂದು ಆ ಯೋಚನೆಯು ವ್ಯರ್ಥವಾಯಿತೆನ್ನಲಾರೆ. ಈಗ ನನ್ನ ಮಗನ ಫೋನಿನಲ್ಲಿಯೂ ಚಿತ್ರ ತೆಗೆದ ಮೇಲೆ ಹಿನ್ನೆಲೆಯನ್ನು ಮಸುಕುಮಾಡಬಹುದು. 2016ರ ಐಫೋನ್ 7 ಪ್ಲಸ್ ಎರಡು ಮಸೂರಗಳ ನೋಟವನ್ನು ಹೋಲಿಸಿ ದೂರವನ್ನು ಅಂದಾಜುಮಾಡಿ, ಮಸುಕನ್ನು ತಾನೇ ಬಳಿಯತೊಡಗಿತು. 2023ರಿಂದ ಕೆಲವು ಫೋನುಗಳಲ್ಲಿ ತೆಗೆದ ಮೇಲೆ ಫೋಕಸ್ಸನ್ನು ಒಬ್ಬರಿಂದ ಇನ್ನೊಬ್ಬರಿಗೆ ಬದಲಾಯಿಸುವುದಕ್ಕೂ ಬರುತ್ತದೆ. ಇದಕ್ಕೆ ಬೇರೆ ಯಂತ್ರ ಬೇಡ. ಬೇಡವಾದವರಿಗೆ ಕೆಲಸವೂ ಇಲ್ಲ. ಆದುದರಿಂದ ಜನರು ಒಪ್ಪಿದರು. ಜನರದು ತಪ್ಪೆಂದು ನಾನು ಹೇಳಲಾರೆ. ಆದರೆ ಲೈಟ್ರೋ ಬರೆದಿಟ್ಟದ್ದು ನಿಜವಾಗಿ ಬಂದ ಕಿರಣಗಳ ಲೆಕ್ಕವನ್ನು. ಇದು ಬಲುಮಟ್ಟಿಗೆ ಊಹೆಯಿಂದ ತುಂಬಿದ ಲೆಕ್ಕ. ಲೆಕ್ಕದ ಪುಸ್ತಕವನ್ನು ತಿದ್ದಿ ಬಂದ ನನಗೆ ಆ ಭೇದವು ಚಿಕ್ಕದಾಗಿ ತೋರುವುದಿಲ್ಲ.

ಅದು ಚಿಕ್ಕದಲ್ಲವೆಂದು ಕಳೆದ ದೀಪಾವಳಿಯಲ್ಲಿ ಮನೆಯಲ್ಲಿಯೇ ಗೊತ್ತಾಯಿತು. ಮಗನು ಅಜ್ಜಿಯ ಆ ಪಟವನ್ನು ಫೋನಿನಲ್ಲಿ ಹಿಡಿದು, ಮಸುಕಾದ ಮುಖಗಳನ್ನು ಸ್ಪಷ್ಟಮಾಡುವ ಯಾವುದೋ ತಂತ್ರಾಂಶಕ್ಕೆ ಒಪ್ಪಿಸಿದನು. ನಿಮಿಷದೊಳಗಾಗಿ ಮುಖ ಸಿದ್ಧವಾಯಿತು: ತಿದ್ದಿದ ಹುಬ್ಬು, ಹೊಳೆಯುವ ಕಣ್ಣು, ಸುಕ್ಕಿಲ್ಲದ ಕೆನ್ನೆ. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನು ಬರೆದ ಶಕುಂತಲೆಯ ಚಿತ್ರವನ್ನು ನೋಡುತ್ತ, ಇನ್ನೂ ಮಾಲಿನೀ ನದಿಯನ್ನೂ ಹಂಸಗಳನ್ನೂ ಜಿಂಕೆಗಳನ್ನೂ ಬರೆಯಬೇಕೆಂದುಕೊಳ್ಳುತ್ತಾನೆ. ಆದರೆ ಅವನು ಅವುಗಳನ್ನು ಕಂಡಿದ್ದವನು. ಈ ತಂತ್ರಾಂಶವು ನಮ್ಮ ತಾಯಿಯವರನ್ನು ಎಲ್ಲಿ ಕಂಡಿತ್ತು?

ನಾನು ಏನೂ ಹೇಳದೆ ಫೋನನ್ನು ನಮ್ಮ ಅಕ್ಕನ ಕೈಗೆ ಕೊಟ್ಟೆನು. ಅವಳು ಕನ್ನಡಕವನ್ನು ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, “ಯಾರೋ ಇದು? ನಮ್ಮಮ್ಮನ ಸೀರೆ ಉಟ್ಟಿದಾಳಲ್ಲ!” ಎಂದಳು. ಆಮೇಲೆ ಮೇಜಿನ ಮೇಲಿದ್ದ ಹಳೆಯ ಪಟವನ್ನು ಎತ್ತಿಕೊಂಡು, ಸೆರಗಿನಿಂದ ಒರಸಿ, “ಇದನ್ನು ಒಳಗಿಡು, ಮಕ್ಕಳು ಎಣ್ಣೆಯ ಕೈಯಲ್ಲಿ ಮುಟ್ಟಾರು” ಎಂದು ನನಗೆ ಕೊಟ್ಟಳು.