ಅಂಗೈಯಗಲದ ಉಗಿಬಂಡಿ

ಆಟದ ರೈಲುಬಂಡಿಯನ್ನು ಕೊಳ್ಳುವುದು ಕಷ್ಟದ ಕೆಲಸವೇನಲ್ಲ. ದೊಡ್ಡ ಊರಿನ ಆಟಿಕೆಯ ಅಂಗಡಿಗೆ ಹೋದರೆ ಹಸಿರು ಬಣ್ಣದ್ದು, ಕೆಂಪು ಬಣ್ಣದ್ದು, ಕೀಲಿ ಕೊಟ್ಟರೆ ಓಡುವುದು, ವಿದ್ಯುತ್ತಿನಿಂದ ಓಡುವುದು ಎಂದು ಬಗೆಬಗೆಯ ಎಂಜಿನುಗಳನ್ನು ತೆಗೆದು ಮುಂದಿಡುತ್ತಾರೆ. ಆದರೆ ಗಿರಾಕಿಯು, “ಹೋಟಗಿಯಿಂದ ಗದಗಿಗೆ ಹೋಗುತ್ತಿದ್ದ ಬಂಡಿಯನ್ನು ಬಾಗಲಕೋಟೆ, ಬಾದಾಮಿಗಳ ಮೇಲಿಂದ ಎಳೆಯುತ್ತಿದ್ದ ಎಂಜಿನಿನ ಮಾದರಿ ಬೇಕು; ಅಳತೆ ತಪ್ಪಿರಬಾರದು” ಎಂದು ಕೇಳಿದರೆ ಅಂಗಡಿಯವನ ಕೈ ಅಲ್ಲಿಗೇ ನಿಲ್ಲುತ್ತದೆ. ಬಾಗಲಕೋಟೆಯ ಅಜ್ಜನೊಬ್ಬನ ಎದುರಿಗೆ ಮೊಮ್ಮಗನು ಅಂಗಡಿಯ ಎಂಜಿನನ್ನು ತಂದಿಟ್ಟರೆ, ಅಜ್ಜನು ಅದನ್ನು ಒಮ್ಮೆ ತಿರುಗಿಸಿ ನೋಡಿ, “ಚೆಂದ ಐತಿ; ಆದರ ಇದು ನಮ್ಮ ಗಾಡಿ ಅಲ್ಲಪಾ” ಎಂದಾನು. ಆ ಮಾತಿನಲ್ಲಿ ಬರಿಯ ಅಭಿಮಾನವಲ್ಲ, ಸಾಕಷ್ಟು ಗಣಿತವೂ ಅಡಗಿದೆ.

“ನಮ್ಮ ಗಾಡಿ” ಯಾವುದು? 1876–78ರ ಭೀಕರ ಕ್ಷಾಮದ ತರುವಾಯ, ಬರದ ಸೀಮೆಗೆ ಧಾನ್ಯ ತಲುಪಿಸುವ ಮಾರ್ಗ ಬೇಕೆಂಬ ವಿಚಾರವು ಬಲವಾಯಿತು. 1882ರಲ್ಲಿ ಸದರನ್ ಮರಾಠಾ ರೈಲ್ವೆ ಕಂಪೆನಿಯು ಹುಟ್ಟಿತು. ಅದೇ ದಶಕದಲ್ಲಿ ಹೋಟಗಿ–ಗದಗ ಮಾರ್ಗವೂ ಬಿಜಾಪುರ, ಬಾಗಲಕೋಟೆ, ಬಾದಾಮಿಗಳನ್ನು ಹಾಯ್ದು ಸಿದ್ಧವಾಯಿತು. ಅದು ಮೀಟರ್ ಗೇಜು; ಎಂದರೆ ಎರಡು ಕಂಬಿಗಳ ನಡುವಣ ಅಂತರವು 1000 ಮಿಲಿಮೀಟರ್. ಬಾದಾಮಿಯ ಸ್ಟೇಷನ್ನು ಊರಿನಿಂದ ಕೆಲವು ಮೈಲಿ ದೂರ; ಗುಹೆಗಳನ್ನು ನೋಡಬಂದವರು ಅಲ್ಲಿಳಿದು ಟಾಂಗಾ ಹಿಡಿಯುತ್ತಿದ್ದರು. ಹುನಗುಂದಕ್ಕಾಗಲಿ ಇಳಕಲ್ಲಿಗಾಗಲಿ ಉಗಿ ಎಂಜಿನಿನ ಕಾಲದುದ್ದಕ್ಕೂ ರೈಲು ಬರಲಿಲ್ಲ. ಆ ಊರುಗಳ ಮಕ್ಕಳಿಗೆ ಎಂಜಿನೆಂದರೆ ಹಿರಿಯರೊಡನೆ ಬಾಗಲಕೋಟೆಗೆ ಬಂದಾಗ ಕಣ್ಣರಳಿಸಿ ನೋಡಬೇಕಾದ ಅದ್ಭುತವಾಗಿತ್ತು.

ಇಂದಿನ ಅಜ್ಜಂದಿರ ನೆನಪಿನಲ್ಲಿರುವುದು ಕಂಪೆನಿಯ ಕಾಲದ ಪುಟ್ಟ ಎಂಜಿನುಗಳಲ್ಲ. ಸ್ವಾತಂತ್ರ್ಯಾನಂತರ ಬಂದ ವೈಪಿ ಮತ್ತು ವೈಜಿ ಎಂಬ ಎರಡು ವರ್ಗಗಳು. ‘ವೈ’ ಎಂದರೆ ಮೀಟರ್ ಗೇಜು, ‘ಪಿ’ ಪ್ರಯಾಣಿಕರ ಬಂಡಿಗೆ, ‘ಜಿ’ ಸರಕಿನ ಬಂಡಿಗೆ. ವೈಪಿಗೆ ಮುಂದೆ ನಾಲ್ಕು ಚಿಕ್ಕ ಗಾಲಿಗಳು, ನಡುವೆ ಎಳೆಯುವ ಆರು ದೊಡ್ಡ ಗಾಲಿಗಳು, ಹಿಂದೆ ಮತ್ತೆರಡು ಚಿಕ್ಕವು. ವೈಜಿಗೆ ಮುಂದೆ ಎರಡು, ನಡುವೆ ಎಂಟು, ಹಿಂದೆ ಎರಡು. ವೈಪಿಯ ದೊಡ್ಡ ಗಾಲಿಯ ವ್ಯಾಸ 4 ಅಡಿ 6 ಅಂಗುಲ. ವೈಜಿಯದು 4 ಅಡಿ. ಹಗುರವಾದ ಬಂಡಿಯನ್ನು ವೇಗವಾಗಿ ಎಳೆಯಲು ದೊಡ್ಡ ಗಾಲಿ, ಭಾರವನ್ನು ನಿಧಾನವಾಗಿ ಎಳೆಯಲು ಚಿಕ್ಕ ಗಾಲಿ, ಇಷ್ಟೇ ಇದರ ತತ್ವ. 1949ರಿಂದ 1970ರವರೆಗೆ 871 ವೈಪಿ ಎಂಜಿನುಗಳು ತಯಾರಾದವು. ಅಮೆರಿಕದ ಬಾಲ್ಡ್‌ವಿನ್, ಗ್ಲಾಸ್ಗೋ ನಗರದ ನಾರ್ತ್ ಬ್ರಿಟಿಷ್, ಮ್ಯೂನಿಕ್ಕಿನ ಕ್ರೌಸ್-ಮಾಫೈ, ಕಡೆಗೆ ನಮ್ಮದೇ ಜಮ್‌ಷೆಡ್‌ಪುರದ ಟೆಲ್ಕೊ, ಹೀಗೆ ನಾಲ್ಕು ಕಾರ್ಖಾನೆಗಳು ಅವನ್ನು ಕಟ್ಟಿದವು.

ಈಗ ಗಣಿತಕ್ಕೆ ಬರೋಣ. ಮಾದರಿ ಎಂಜಿನುಗಳಲ್ಲಿ ಬಹಳ ಪ್ರಚಾರದಲ್ಲಿರುವ ಪ್ರಮಾಣವು 87ಕ್ಕೆ 1. ನಿಜವಾದ ಎಂಜಿನಿನ 87 ಅಂಗುಲವು ಮಾದರಿಯಲ್ಲಿ ಒಂದೇ ಅಂಗುಲ. ಈ ಲೆಕ್ಕದಲ್ಲಿ ವೈಪಿಯ ದೊಡ್ಡ ಗಾಲಿಯು ಸುಮಾರು 15.8 ಮಿಲಿಮೀಟರ್ ಆಗುತ್ತದೆ, ವೈಜಿಯದು 14. ಎರಡು ಮಿಲಿಮೀಟರಿಗೂ ಕಡಮೆಯ ಈ ಅಂತರವನ್ನು ಅಲಕ್ಷಿಸಿದರೆ ಪ್ರಯಾಣಿಕರ ಎಂಜಿನು ಸರಕಿನ ಎಂಜಿನಿನ ಕಾಲುಗಳ ಮೇಲೆ ನಿಂತಂತಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಕಂಬಿಯದು. ಈ ಪ್ರಮಾಣದ ಸಾಮಾನ್ಯ ಆಟದ ಕಂಬಿಗಳ ಅಂತರವು 16.5 ಮಿಲಿಮೀಟರ್, ಅದನ್ನು 87ರಿಂದ ಗುಣಿಸಿದರೆ 1435, ಎಂದರೆ ಯುರೋಪು ಅಮೆರಿಕಗಳ ಗೇಜು. ಮೀಟರ್ ಗೇಜಿಗೆ ಬೇಕಾದದ್ದು 11.5 ಮಿಲಿಮೀಟರ್. ವೈಪಿಯನ್ನು ಅಗಲವಾದ ಆ ಕಂಬಿಯ ಮೇಲೆ ನಿಲ್ಲಿಸಿದರೆ ಗಾಲಿಗಳ ನಡುವೆ ಒಂದೂಕಾಲು ಅಡಿಗೂ ಮಿಕ್ಕ ಅಂತರವು ಸುಳ್ಳಾಗಿ ಸೇರಿಕೊಳ್ಳುತ್ತದೆ. ಇಕ್ಕಟ್ಟಾದ ಗಾಲಿಗಳ ಮೇಲೆ ಅಗಲವಾದ ಮೈಯನ್ನು ಹೊತ್ತು ತುಸು ತೂಗಾಡುತ್ತ ಬರುವುದೇ ಮೀಟರ್ ಗೇಜು ಎಂಜಿನಿನ ಲಕ್ಷಣ. ಅದೇ ಮಾಯವಾದ ಮೇಲೆ ಉಳಿದುದೆಲ್ಲ ಸರಿಯಾಗಿದ್ದರೂ ಅಜ್ಜನ ಕಣ್ಣು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿಯೂ ಇಂಥ ರಾಜಿಯೊಂದು ಬಹಳ ಕಾಲದಿಂದ ನಡೆದುಬಂದಿದೆ. ಅಲ್ಲಿಯ ಎಂಜಿನುಗಳನ್ನು 76ಕ್ಕೆ 1ರ ಪ್ರಮಾಣದಲ್ಲಿ ಮಾಡಿ, ಓಡಿಸುವುದು ಮಾತ್ರ ಇದೇ 16.5 ಮಿಲಿಮೀಟರಿನ ಕಂಬಿಯ ಮೇಲೆ. ಲೆಕ್ಕ ಹಾಕಿದರೆ ನಿಜವಾದ ಗೇಜಿಗಿಂತ ಏಳು ಅಂಗುಲ ಕಡಮೆ! ಅಲ್ಲಿಯ ಹವ್ಯಾಸಿಗಳು ಇದನ್ನು ಬಲ್ಲರು. ಕೆಲವರು ಸಹಿಸಿಕೊಂಡರು, ಕೆಲವರು ತಮಗೆ ಬೇಕಾದ ಅಂತರದ ಕಂಬಿಗಳನ್ನು ತಾವೇ ಮಾಡಿಕೊಂಡರು.

ಅಂಗಡಿಯಲ್ಲಿ ವೈಪಿ ಏಕೆ ಸಿಗದು? ಎಂಜಿನಿನ ಮಾದರಿಗೆ ಉಕ್ಕಿನ ಅಚ್ಚು ಕೊರೆಯಿಸುವ ಖರ್ಚು ಬಲು ದೊಡ್ಡದು. ಸಾವಿರಗಟ್ಟಲೆ ಮಾರಿಹೋಗದಿದ್ದರೆ ಆ ಖರ್ಚು ಹುಟ್ಟುವುದಿಲ್ಲ. ಸ್ವಿಟ್ಜರ್ಲೆಂಡಿನ ಬೆಟ್ಟದ ಮೀಟರ್ ಗೇಜು ಬಂಡಿಗಳಿಗೆ ಅಷ್ಟು ಗಿರಾಕಿಗಳಿದ್ದಾರೆ. ಜರ್ಮನಿಯ ಬೆಮೊ ಕಂಪೆನಿಯು 87ಕ್ಕೆ 1ರ ಪ್ರಮಾಣದಲ್ಲಿ ಅವನ್ನು ತಯಾರಿಸಿ, 12 ಮಿಲಿಮೀಟರಿನ ಕಂಬಿಯ ಮೇಲೆ ಓಡಿಸುತ್ತದೆ. ಬಾಗಲಕೋಟೆಯ ಬಂಡಿಗೆ ಅಂಥ ಸಂತೆ ನೆರೆದಿಲ್ಲ. ಆದ್ದರಿಂದ ವಿದೇಶದ ಯಾವುದೋ ಎಂಜಿನಿಗೆ ಕಪ್ಪು ಬಣ್ಣ ಬಳಿದು, ಭಾರತದ ರೈಲ್ವೆಯ ಅಕ್ಷರಗಳನ್ನು ಅಂಟಿಸಿ “ಇಂಡಿಯನ್ ಎಂಜಿನು” ಎಂದು ಹೇಳಿಕೊಳ್ಳುವ ಅನುಕೂಲವು ಯಾರಿಗೂ ಇದೆ.

ಕೊಳ್ಳುವವರು ಮೋಸಹೋಗದಿರಲು ಮೂರು ಪರೀಕ್ಷೆಗಳುಂಟು. ಮೊದಲನೆಯದು ಗಾಲಿಗಳ ಎಣಿಕೆ. ಎರಡನೆಯದು ಮೂತಿ: ಮುಂಭಾಗವು ಬಂದೂಕಿನ ಗುಂಡಿನಂತೆ ಚೂಪಾಗಿದ್ದರೆ ಅದು ಬ್ರಾಡ್ ಗೇಜಿನ ಡಬ್ಲ್ಯೂಪಿ, ವೈಪಿಗೆ ಅಂಥ ಮೂತಿಯಿಲ್ಲ. ಮೂರನೆಯದು ಅಕ್ಷರಗಳು. ಹುಬ್ಬಳ್ಳಿ ವಿಭಾಗವು 1951ರಲ್ಲಿ ಹುಟ್ಟಿದ ದಕ್ಷಿಣ ರೈಲ್ವೆಯಲ್ಲಿದ್ದು, 1966ರ ಅಕ್ಟೋಬರಿನಲ್ಲಿ ದಕ್ಷಿಣ ಮಧ್ಯ ರೈಲ್ವೆಗೆ ಸೇರಿತು. 2003ರಲ್ಲಿ ನೈಋತ್ಯ ರೈಲ್ವೆಗೆ ಬಂತು. 1960ರ ಎಂಜಿನಿನ ಮೇಲೆ ದಕ್ಷಿಣ ಮಧ್ಯ ರೈಲ್ವೆಯ ಅಕ್ಷರಗಳಿದ್ದರೆ ತಪ್ಪು. ನೈಋತ್ಯ ರೈಲ್ವೆಯ ಹೆಸರು ಹೊತ್ತು ಈ ಮಾರ್ಗದಲ್ಲಿ ಬಂಡಿಯೆಳೆಯುವ ವೈಪಿಯಂತೂ ಕಟ್ಟುಕತೆ. ಆ ವೇಳೆಗೆ ಅದರ ಬೆಂಕಿ ಆರಿಹೋಗಿತ್ತು. ಆದ್ದರಿಂದ ವರ್ಗವನ್ನಷ್ಟೇ ಅಲ್ಲ, ಯಾವ ವರ್ಷದ ಎಂಜಿನು ಬೇಕೆಂಬುದನ್ನೂ ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಸಿಗದಿದ್ದರೆ ಮಾಡಿಕೊಳ್ಳುವುದೇ ದಾರಿ. ಮೊದಲು ದಪ್ಪ ಕಾಗದದಲ್ಲಿ ಕತ್ತರಿಸಿ ಆಕಾರವನ್ನು ಕಾಣಬೇಕು; ಅದು ಒಪ್ಪಿಗೆಯಾದ ಮೇಲೆ ಹಿತ್ತಾಳೆಯ ತಗಡಿಗೆ ಕೈಹಚ್ಚಬೇಕು. ಬಾಯ್ಲರಿಗೆ ಕೊಳವೆ, ಡ್ರೈವರನ ಕೋಣೆಗೂ ಕಲ್ಲಿದ್ದಲು ನೀರು ಹೊರುವ ಟೆಂಡರಿಗೂ ತಗಡು, ಹೊಗೆಕೊಳವೆಗೆ ಲೇಥಿನಲ್ಲಿ ಕಡೆದ ತುಂಡು, ಎಲ್ಲಕ್ಕೂ ಬೆಸುಗೆ. 12 ಮಿಲಿಮೀಟರಿನ ಕಂಬಿಯನ್ನು ಬಳಸಿದರೆ ಗೇಜಿನ ದೋಷವು ಅರ್ಧ ಮಿಲಿಮೀಟರಿಗೆ ಇಳಿಯುತ್ತದೆ. 20 ಮಿಲಿಮೀಟರಿನ ರಿವೆಟ್ಟಿನ ತಲೆಯು ಈ ಪ್ರಮಾಣದಲ್ಲಿ 0.23 ಮಿಲಿಮೀಟರ್, ಕೆಲವನ್ನು ತಗಡಿನ ಹಿಂದಿನಿಂದ ಒತ್ತಿ ಮೂಡಿಸಬಹುದು, ಕೆಲವನ್ನು ಬಿಟ್ಟೇಬಿಡಬೇಕು. ಏನನ್ನು ಬಿಡಬೇಕೆಂಬ ವಿವೇಕವೂ ಈ ವಿದ್ಯೆಯ ಭಾಗವೇ.

ಈ ವಿವೇಕವು ಆ ಸೀಮೆಗೆ ಹೊಸದಲ್ಲ. ಬಾದಾಮಿಯ ಬಳಿಯ ಪಟ್ಟದಕಲ್ಲಿನಲ್ಲಿ ಎಂಟನೆಯ ಶತಮಾನದ ವಿರೂಪಾಕ್ಷ ದೇವಾಲಯದ ವಿಮಾನವನ್ನು ನೋಡಿದವರಿಗೆ ತಿಳಿದೀತು: ಅಂತಸ್ತು ಅಂತಸ್ತಿನಲ್ಲಿಯೂ ಸಾಲಾಗಿ ನಿಂತಿರುವುವು ಪುಟ್ಟ ಪುಟ್ಟ ಗುಡಿಗಳೇ. ಗುಡಿಯ ಮೇಲೆ ಗುಡಿಯನ್ನು ಕಿರಿದಾಗಿಸಿ ಕೂರಿಸುವಾಗ ಶಿಲ್ಪಿಯು ಯಾವ ಗೆರೆಯನ್ನು ಉಳಿಸಿದರೆ ಅದು ಗುಡಿಯೆಂದು ಗುರುತು ಹತ್ತುವುದೋ ಅದನ್ನು ಉಳಿಸಿದನು. ಇಳಕಲ್ಲಿನ ನೇಕಾರರೂ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಬೆಸೆಯುತ್ತಾರೆ. ಎಣಿಕೆ ತಪ್ಪಿದರೆ ಸೀರೆಯೇ ಹೇಳುತ್ತದೆ. ಇಂಥ ಕೈಗಳಿರುವ ನಾಡಿನಲ್ಲಿ ಅಂಗೈಯಗಲದ ಎಂಜಿನೊಂದು ಅಸಾಧ್ಯವೆನ್ನಲಾಗದು.

ಕೈಗಿಂತ ಮೊದಲು ಬೇಕಾದದ್ದು ಅಳತೆ. ಮೈಸೂರಿನಲ್ಲಿ 1979ರಲ್ಲಿ, ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲ್ವೆ ವಸ್ತುಸಂಗ್ರಹಾಲಯಗಳು ತೆರೆದಿವೆ. ಉಗಿ ಎಂಜಿನಿನ ಪಕ್ಕದಲ್ಲಿ ನಿಂತು, ಅಡಿಗಳನ್ನು ಗುರುತು ಮಾಡಿದ ಕೋಲೊಂದನ್ನು ಅದಕ್ಕೆ ಒರಗಿಸಿ, ನೇರವಾಗಿ ಪಕ್ಕದಿಂದ ಚಿತ್ರ ತೆಗೆಯುವ ಅಭ್ಯಾಸವನ್ನು ಅಲ್ಲಿ ಮಾಡಿಕೊಳ್ಳಬಹುದು. ಕೋಲು ಚಿತ್ರದಲ್ಲಿದ್ದರೆ ಮನೆಯಲ್ಲಿ ಕುಳಿತೇ ಉಳಿದ ಅಳತೆಗಳನ್ನು ಅಂದಾಜು ಮಾಡಬಹುದು. ಮನೆಯ ಹಳೆಯ ಆಲ್ಬಮ್ಮುಗಳನ್ನೂ ತೆರೆಯಬೇಕು. ಮದುವೆಯ ದಿಬ್ಬಣ, ಬಾದಾಮಿಗೆ ಹೋದ ಶಾಲೆಯ ಪ್ರವಾಸ, ಇವುಗಳ ಹಿಂದೆ ಎಂಜಿನಿನ ಒಂದು ಮಗ್ಗುಲು ಬಿದ್ದಿದ್ದರೆ ಅದರ ಬೆಲೆ ಹೆಚ್ಚು. ಸಂಖ್ಯೆ, ಅಕ್ಷರ, ದೀಪದ ಜಾಗ ಎಲ್ಲವೂ ಅದರಲ್ಲಿ ದೊರೆಯಬಹುದು. ನಿವೃತ್ತರಾದ ಡ್ರೈವರು, ಫೈರ್‌ಮನ್ನರು, ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾವ ಕೊಳವೆ ಯಾವ ಕಡೆಗಿತ್ತೆಂಬುದನ್ನು ಪುಸ್ತಕಕ್ಕಿಂತ ಅವರ ಕೈ ಚೆನ್ನಾಗಿ ನೆನಪಿಟ್ಟಿದೆ.

ಇದರಲ್ಲಿ ಅವಸರವೂ ಇದೆ. ದೇಶದ ಗೇಜುಗಳನ್ನೆಲ್ಲ ಒಂದುಗೂಡಿಸುವ ಯೋಜನೆ 1992ರಲ್ಲಿ ಆರಂಭವಾಯಿತು. ಈ ಶತಮಾನದ ಮೊದಲ ದಶಕ ಮುಗಿಯುವುದರೊಳಗೆ ಹೋಟಗಿ–ಗದಗ ಮಾರ್ಗದ ಮೀಟರ್ ಗೇಜು ಕಂಬಿಗಳನ್ನು ಕಿತ್ತು ಬ್ರಾಡ್ ಗೇಜು ಹಾಸಿದ್ದಾಯಿತು. ಪ್ರಯಾಣಿಕರಿಗೆ ಅದರಿಂದ ಒಳ್ಳೆಯದೇ ಆಯಿತು. ಹೋಟಗಿಯಲ್ಲಿ ಗಂಟುಮೂಟೆ ಹೊತ್ತು ಬಂಡಿ ಬದಲಿಸುವ ಕಷ್ಟ ತಪ್ಪಿತು. ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ಆಲಮಟ್ಟಿಯ ಹಿನ್ನೀರು ನುಂಗಿತು. ವೈಪಿ ಎಂಜಿನುಗಳಲ್ಲಿ ಬಹುಪಾಲು ಗುಜರಿಯ ತೂಕಕ್ಕೆ ಹೋದವು. ಇನ್ನು ಉಳಿದಿರುವ ಸಾಕ್ಷಿಯೆಂದರೆ ಕಂಡವರ ಕಣ್ಣು. ತಪ್ಪು ಮಾದರಿಯನ್ನು ನೋಡಿ “ಇದು ನಮ್ಮ ಗಾಡಿ ಅಲ್ಲ” ಎನ್ನಬಲ್ಲ ಕೊನೆಯ ಅಜ್ಜನೂ ಹೊರಟುಹೋದ ಮೇಲೆ ಯಾವ ಎಂಜಿನಿಗೆ ಯಾವ ಹೆಸರು ಅಂಟಿಸಿದರೂ ಕೇಳುವವರಿರುವುದಿಲ್ಲ.

ಈ ಬೇಸಗೆಯ ರಜೆಯಲ್ಲಿ ಮಗನಿಗೋ ಮಗಳಿಗೋ ಅಂಗಡಿಯ ಎಂಜಿನನ್ನು ಕೊಡಿಸುವ ಮುನ್ನ ಒಂದು ನೋಟ್‌ಬುಕ್ಕು, ಒಂದು ಅಳತೆಪಟ್ಟಿ ಕೊಡಿಸಿ ಮನೆಯ ಹಿರಿಯರ ಬಳಿ ಕೂರಿಸಬಹುದು. ಗಾಲಿಗಳೆಷ್ಟು, ಅಕ್ಷರಗಳೇನು, ಸೀಟಿಯ ದನಿ ಎಂಥದು ಎಂದು ಬರೆದುಕೊಳ್ಳಲಿ. ಹಿತ್ತಾಳೆಯ ಕೆಲಸ ಹತ್ತು ವರ್ಷ ತಡವಾದರೂ ನಡೆದೀತು. ಈ ಬರವಣಿಗೆ ತಡವಾಗಬಾರದು.